ಅವ್ವನ ಕ್ಯಾಸೆಟ್ಟು ಫೋನಿಗೆ ಬಂದದ್ದು ಹೀಗೆ, ನೀವೂ ತರಬಹುದು

ಅವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿ, ಸೀರೆಗಳ ಅಡಿ ಒಂದು ಕ್ಯಾಸೆಟ್ ಸಿಕ್ಕಿತು. ಬೀದರಿನಲ್ಲಿ ಪೆಂಡಾಲ್ ಹಾಕಿ ನಡೆಸಿದ ಕ್ರೈಸ್ತ ಹಾಡಿನ ಕೂಟದ್ದು. ಬೇರೆ ಬೇರೆ ಊರಿನ ತಂಡಗಳು ಹಾಡಿದ್ದನ್ನು ಯಾರೋ ಒಂದರಲ್ಲೇ ಸೇರಿಸಿದ್ದರು. ಲೇಬಲ್ಲಿನ ಶಾಯಿ ಪೂರ್ತಿ ಅಳಿಸಿದೆ. ಅಂಥದ್ದು ನಿಮ್ಮ ಮನೆಯಲ್ಲೂ ಇದ್ದರೆ ತಡೆಯಿರಿ, ಈಗಲೇ ಪ್ಲೇ ಒತ್ತಬೇಡಿ.

ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ, ಮೊದಲು ಅವನ್ನು ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಟೇಪು ಸಡಿಲಾಗಿದ್ದರೆ ತೂತಿಗೆ ಪೆನ್ಸಿಲ್ ತೂರಿಸಿ ಬಿಗಿ ಮಾಡಿ. ಟೇಪಿನ ಹಿಂದೆ ಉಣ್ಣೆಯಂಥ ಒಂದು ಮೆತ್ತನೆ ತುಂಡು ಇದೆಯಾ ನೋಡಿ. ಅದು ಉದುರಿದ್ದರೆ ದನಿ ಒಮ್ಮೆ ಬರುತ್ತದೆ, ಒಮ್ಮೆ ಮಂಕಾಗುತ್ತದೆ. ಬೇಡದ ಕ್ಯಾಸೆಟ್ಟಿನಿಂದ ತೆಗೆದು ಕೂರಿಸಬಹುದು. ಟೇಪ್‌ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪು ತಾಗಿಕೊಂಡು ಓಡುವ ಲೋಹದ ತುಂಡನ್ನು, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತರೆ ಸಾಕು.

ರೆಕಾರ್ಡರಿನಿಂದ ಬರುವ ವೈರನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಬೇಡಿ. ಲೈನ್-ಇನ್ (ರೆಕಾರ್ಡರಿನಂಥ ಯಂತ್ರದ ದನಿ ಒಳಗೆ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ರೆಕಾರ್ಡರನ್ನು ಸೆಲ್ಲಿನಲ್ಲಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಕರೆಂಟಿನ ಗುಂಯ್ ಬರುವುದಿಲ್ಲ, ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ. ದನಿ ತುಂಬಿಕೊಳ್ಳಲು, ತಿದ್ದಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ಬೀಳುವ ಜಾಗ ಹುಡುಕಿ, ಅಲ್ಲಿ ಆಡಾಸಿಟಿಯ ದನಿ ಅಳೆಯುವ ಪಟ್ಟಿ ಮೈನಸ್ 6 ಡಿಬಿ ದಾಟದಂತೆ ದನಿ ಹೊಂದಿಸಿ. ವೇವ್ ಫೈಲಾಗಿ ಉಳಿಸಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ, ಸಿಡಿ ಗುಣಮಟ್ಟದಲ್ಲಿ ಸುಮಾರು 475 ಎಂಬಿ. ಈ ಮೂಲ ಫೈಲನ್ನು ಮುಟ್ಟಬೇಡಿ. ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ನಾನು ಕೆಡಿಸಿದ್ದು ಇಲ್ಲೇ. ಪೆಂಡಾಲಿನ ಗದ್ದಲ ತೆಗೆಯೋಣ ಅಂತ ನಾಯ್ಸ್ ರಿಡಕ್ಷನ್ ಜಾಸ್ತಿ ಎಳೆದೆ. ಚಪ್ಪಾಳೆ ನೀರಿನ ಗುಳುಗುಳು ಆಯಿತು, ಢೋಲಕ್ಕಿನ ಏಟು ಸತ್ತಿತು. ಹಾಡುಗಳ ನಡುವೆ ಮೈಕಿನಲ್ಲಿ ಒಬ್ಬರು ಮಾತಾಡುತ್ತಿದ್ದರು, ಬೇಡವೆಂದು ಅದನ್ನೂ ಕತ್ತರಿಸಿದ್ದೆ. ಮುಂದಿನ ತಂಡ ಯಾವ ಊರಿನದು ಅಂತ ಹೇಳುತ್ತಿದ್ದವರು ಅವರೊಬ್ಬರೇ! ಪುಣ್ಯಕ್ಕೆ ಕ್ಯಾಸೆಟ್ ಇತ್ತು, ಮತ್ತೆ ಮೊದಲಿಂದ ತೆಗೆದೆ. 1972ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಡೆದ ಎಕ್ಸ್‌ಪ್ಲೋ 72 ಎಂಬ ಕ್ರೈಸ್ತ ಕೂಟದ ಹಾಡುಗಳೂ ಹೀಗೇ ಒಂದು ರೆಕಾರ್ಡಾಗಿ ಬಂದವು. ಅದರಲ್ಲಿ ಜಾನಿ ಕ್ಯಾಶ್, ಲ್ಯಾರಿ ನಾರ್ಮನ್‌ರಂಥ ಹೆಸರಾದ ಗಾಯಕರಿದ್ದಾರೆ, ಹಾಡಿದವರು ಯಾರೆಂದು ಯಾರೂ ಹುಡುಕಬೇಕಿಲ್ಲ. ನಮ್ಮ ಕ್ಯಾಸೆಟ್ಟಿಗೆ ಆ ಮೈಕಿನ ಮಾತೇ ಲೇಬಲ್ಲು.

ಇನ್ನು ವೇಗ. ಅವ್ವ ಮಂಗಲಪೇಟೆಯ ತಂಡದಲ್ಲಿ ಹಾಡುತ್ತಿದ್ದಳು, ಶ್ರುತಿ ಯಾವಾಗಲೂ ಹಾರ್ಮೋನಿಯಂನ ಕರಿ ಎರಡು. ಕ್ಯಾಸೆಟ್ಟಿನಲ್ಲಿ ಅವಳ ದನಿ ಚಿಕ್ಕ ಹುಡುಗಿಯ ಹಾಗೆ ಕೇಳಿತು. ಅಂದು ನುಡಿಸಿದ ಹಾರ್ಮೋನಿಯಂ ಈಗಲೂ ನಮ್ಮ ಹತ್ತಿರ ಇದೆ. ಪಕ್ಕದಲ್ಲಿಟ್ಟು ಹೊಂದಿಸಿದರೆ ಟೇಪು ಬಿಳಿ ಮೂರಕ್ಕೆ ಕೂತಿತ್ತು, ಸರಿಯಾಗಿ ಒಂದು ಮನೆ ಮೇಲೆ. ರೆಕಾರ್ಡ್ ಮಾಡಿದವರ ಸೆಲ್ಲು ಇಳಿದಿರಬೇಕು. ಆಗ ಟೇಪು ನಿಧಾನ ಓಡಿ ತುಂಬಿಕೊಂಡಿದ್ದು ಈಗ ಓಡಿಸಿದರೆ ಬೇಗ ಬರುತ್ತದೆ. ಆಡಾಸಿಟಿಯಲ್ಲಿ ವೇಗ ಬದಲಿಸುವ ಕಡೆ ಮೈನಸ್ 5.6 ಪ್ರತಿಶತ ಹಾಕಿದೆ. ಅವ್ವ ಬಂದಳು.

ಆಮೇಲೆ ಹಾಡು ಹಾಡು ಬೇರೆ ಮಾಡಿ ಹೆಸರಿಡಿ. ಗೊತ್ತಾಗದ್ದನ್ನು ಭಾನುವಾರ ಆರಾಧನೆ ಮುಗಿದ ಮೇಲೆ ವಯಸ್ಸಾದವರಿಗೆ ಕೇಳಿಸಿ. ಒಬ್ಬರಿಗೇ ಕೇಳಿಸಬೇಡಿ, ಮೂರ್ನಾಲ್ಕು ಜನ ಕೂತರೆ ಜಗಳವಾಡಿಯಾದರೂ ನೆನಪು ಮಾಡಿಕೊಳ್ಳುತ್ತಾರೆ. ನಮ್ಮ ದೊಡ್ಡವ್ವ ಕೆಮ್ಮು ಕೇಳಿಯೇ ಒಬ್ಬರನ್ನು ಹಿಡಿದರು. ಯಾರಿಗೂ ತಿಳಿಯದ ಹಾಡಿಗೆ ಸುಮ್ನೆ ಅಂದಾಜಿನ ಹೆಸರು ಹಾಕಬೇಡಿ. ನನ್ನ ಫೋನಿನಲ್ಲಿ ಒಂದು ಇನ್ನೂ 'ಏಳನೆಯದು, ಗಂಡಸರು, ತೆಲುಗು, ಢೋಲಕ್ ಜೋರು' ಅಂತಲೇ ಇದೆ.