ಟೆಸ್ಟೋಸ್ಟೆರಾನ್ ಕಡಿಮೆಯಾ? ಇಂಜೆಕ್ಷನ್‌ಗೆ ಮೊದಲು ಮಾಡಬೇಕಾದ್ದು

ಸದಾ ಸುಸ್ತು, ಲೈಂಗಿಕ ಆಸಕ್ತಿ ಇಲ್ಲ, ನಿಮಿರುವಿಕೆಯಲ್ಲಿ ತೊಂದರೆ. ಇಷ್ಟಕ್ಕೇ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಕಡಿಮೆ ಅಂತ ತೀರ್ಮಾನಿಸಬೇಡಿ. ನಿದ್ದೆಗೆಟ್ಟವರಿಗೂ ಹೀಗೇ ಆಗುತ್ತದೆ.

ಮೊದಲು ರಕ್ತ ಪರೀಕ್ಷೆ. ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲೇ ಹೋಗಿ. ಸಂಜೆಯ ಹೊತ್ತಿಗೆ ಈ ಹಾರ್ಮೋನು ತಾನಾಗಿ ಇಳಿದಿರುತ್ತದೆ. ಇನ್ನೊಂದು ದಿನ ಮತ್ತೆ ಮಾಡಿಸಿ. ಎರಡೂ ಸಲ ಡೆಸಿಲೀಟರ್‌ಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು.

ಆಮೇಲೆ ಕಾರಣ ಹುಡುಕಬೇಕು. ಟೆಸ್ಟೋಸ್ಟೆರಾನ್ ತಯಾರಿಸು ಎಂದು ವೃಷಣಕ್ಕೆ ಹೇಳುವ ಎಲ್‌ಎಚ್ ಎಂಬ ಹಾರ್ಮೋನು ಜಾಸ್ತಿ ಇದ್ದರೆ ತೊಂದರೆ ವೃಷಣದಲ್ಲಿ. ಅದೂ ಕಡಿಮೆ ಇದ್ದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಕಡೆ ನೋಡಬೇಕು. ಬೊಜ್ಜು, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಕೆಲವು ನೋವಿನ ಮಾತ್ರೆಗಳೂ ಕಾರಣವಾಗಬಹುದು. ದಪ್ಪ ಇರುವವರು ತೂಕ ಇಳಿಸಿದರೆ ಮಟ್ಟ ಎಷ್ಟೋ ಸಲ ತಾನೇ ಏರುತ್ತದೆ.

ಈಗ ಅನೇಕರು ಕೇಳುವುದನ್ನೇ ಮರೆಯುವ ಪ್ರಶ್ನೆ: ಮುಂದೆ ಮಕ್ಕಳು ಬೇಕಾ? ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ 'ಸಾಕಷ್ಟಿದೆ' ಎಂದುಕೊಂಡು ವೃಷಣಕ್ಕೆ ಸಂದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ವೀರ್ಯಾಣು ಸೊನ್ನೆಗೂ ಇಳಿಯಬಹುದು. ಔಷಧಿ ಬಿಟ್ಟ ಮೇಲೂ ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಜಾಸ್ತಿ ಬೇಕು. ಗಂಡಸುತನ ಹೆಚ್ಚಿಸುವ ಔಷಧಿಯೇ ತಂದೆಯಾಗುವುದಕ್ಕೆ ಅಡ್ಡ, ವಿಚಿತ್ರ ಅಲ್ವಾ? ಮಕ್ಕಳು ಬೇಕಿದ್ದವರಿಗೆ ವೈದ್ಯರು ಕ್ಲೋಮಿಫೀನ್ ಮಾತ್ರೆ ಅಥವಾ ಎಚ್‌ಸಿಜಿ ಇಂಜೆಕ್ಷನ್ ಕೊಡುವುದುಂಟು. ಇವು ವೃಷಣದ ಕೈಯಲ್ಲೇ ಕೆಲಸ ಮಾಡಿಸುತ್ತವೆ.

ಆ ಚಿಂತೆ ಇಲ್ಲದವರು ಔಷಧಿಯ ಬಗೆ ಆರಿಸಿಕೊಳ್ಳಬಹುದು. ಜೆಲ್ಲನ್ನು ದಿನಾ ಹಚ್ಚಬೇಕು. ಹಚ್ಚಿದ ಜಾಗ ಹೆಂಡತಿ, ಮಕ್ಕಳಿಗೆ ತಾಗಬಾರದು, ಅವರ ಮೈಗೂ ಸೇರುತ್ತದೆ. ಸಾಮಾನ್ಯ ಇಂಜೆಕ್ಷನ್ ವಾರಕ್ಕೋ ಎರಡು ವಾರಕ್ಕೋ ಒಂದು. ಅದರಲ್ಲಿ ಹುರುಪು ಏರಿಳಿಯುತ್ತದೆ. ಒಂದು ಸಲ ಚುಚ್ಚಿದರೆ ಹತ್ತು ವಾರ ದಾಟಿ ಬರುವಂಥದ್ದೂ ಇದೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಇರುವವರು, ಇತ್ತೀಚೆಗೆ ಹೃದಯಾಘಾತ ಆದವರು ತಾವಾಗಿ ಇದಕ್ಕೆ ಕೈ ಹಾಕಬಾರದು. ಜಿಮ್‌ನಲ್ಲಿ ಯಾರೋ ಕೊಟ್ಟದ್ದನ್ನಂತೂ ಸುಮ್ನೆ ಚುಚ್ಚಿಕೊಳ್ಳಬೇಡಿ.

ಶುರು ಮಾಡಿದ ಮೇಲೆ ರಕ್ತ ಗಟ್ಟಿಯಾಗುತ್ತಿದೆಯಾ ಎಂದು ಆಗಾಗ ನೋಡಬೇಕು. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 54 ಶೇಕಡಾ ದಾಟಿದರೆ ಔಷಧಿ ಕಡಿಮೆ ಮಾಡುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಪ್ರಾಸ್ಟೇಟ್‌ಗೆ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಇದ್ದದ್ದೇ. ಮಟ್ಟ ಸರಿಯಾಗಿ ಕೆಲವು ತಿಂಗಳಾದರೂ ಸುಸ್ತು ಹಾಗೇ ಇದ್ದರೆ ಡೋಸ್ ಏರಿಸಿ ಅನ್ನಬೇಡಿ. ಕಾರಣ ಬೇರೆ ಕಡೆ ಇರಬಹುದು, ಅದನ್ನು ಹುಡುಕಲು ವೈದ್ಯರಿಗೆ ಹೇಳಿ.