ವರ್ನಿಯರ್ ಕೈಗೆ ಕೊಟ್ಟಾಗ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೈಲಹೊಂಗಲದಿಂದ ಬೆಳಗಾವಿಗೆ ಬಂದಾಗ ನನ್ನ ತಯಾರಿ ಅಂದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಹನ್ನೆರಡು ಸಾಲು, ಅಷ್ಟೇ. ಮೊದಲ ಇಂಟರ್‌ವ್ಯೂನಲ್ಲಿ ಐದನೇ ಸಾಲಿಗೇ ತಡೆದು, "ಪ್ರಾಜೆಕ್ಟ್‌ನಲ್ಲಿ ನೀನೇನು ಮಾಡಿದೆ?" ಅಂತ ಕೇಳಿದರು. ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್ ಅದು. ಶಾಫ್ಟ್ ಟರ್ನಿಂಗ್, ಅಂದರೆ ರಾಡನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಕೆತ್ತಿ ಅಳತೆಗೆ ತರುವ ಕೆಲಸ, ನನ್ನ ಪಾಲಿನದು. ಕೈಯಾರೆ ಮಾಡಿದ್ದೆ, ಆದರೆ ಬಾಯಲ್ಲಿ ಹೇಳಿ ರೂಢಿ ಇರಲಿಲ್ಲ. ಸುಮ್ನೆ ಕೂತುಬಿಟ್ಟೆ. ಕೆಲಸ ಸಿಗಲಿಲ್ಲ.

ನಮ್ಮ ಕಾಕಾ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಆಪರೇಟರ್. ಅವರ ಮನೆಯಲ್ಲೇ ಇದ್ದೆ. ಆ ರಾತ್ರಿ ಊಟಕ್ಕೆ ಕೂತಾಗ, "ತಮ್ಮಾ, ಪಾಠ ಒಪ್ಪಸಬ್ಯಾಡ. ಶಾಫ್ಟ್ ಹೆಂಗ ಮಾಡಿದಿ, ಅದನ್ನ ನನಗ ಹೇಳು" ಅಂದರು. ಕನ್ನಡದಲ್ಲೇ ಹೇಳಿದೆ. ಎಂಥ ರಾಡ್ ತಂದೆವು, ಫೇಸಿಂಗ್ ಮಾಡಿ ತುದಿ ಸಪಾಟಾದಮೇಲೆ ನಡುವೆ ಸೆಂಟರ್ ಡ್ರಿಲ್ ಯಾಕೆ ಹಾಕಿದೆ, ಕೊನೆಯ ಕಟ್ ಎಷ್ಟು ಕೊಟ್ಟೆ. ಎಲ್ಲೂ ತಡವರಿಸಲಿಲ್ಲ. ಅವತ್ತಿನಿಂದ ಹದಿನೈದು ದಿನ ಇದೇ ಅಭ್ಯಾಸ. ಮೊದಲು ಕನ್ನಡ, ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಜೋರಾಗಿ. ಮನಸ್ಸಿನಲ್ಲಿ ಓದಿಕೊಂಡಾಗ ಎಲ್ಲವೂ ಬಂದಂತೆ ಅನಿಸುತ್ತೆ. ಬಾಯಿ ಬಿಟ್ಟಾಗಲೇ ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಅಂತ ಗೊತ್ತಾಗೋದು.

ರೆಸ್ಯೂಮೆಯಲ್ಲಿ ಎರಡು ನಿಮಿಷ ಮಾತಾಡಲಾಗದ ಸಾಲು ಇದ್ದರೆ ಹೊಡೆದು ಹಾಕಿದೆ. ಎರಡು ಪುಟ ಇದ್ದದ್ದು ಒಂದಾಯಿತು.

ಕಾಕಾರ ಹತ್ತಿರ ಒಂದು ಹಳೇ ವರ್ನಿಯರ್ ಕ್ಯಾಲಿಪರ್ ಇತ್ತು, ಎರಡು ಜಾ (ದವಡೆ) ನಡುವೆ ವಸ್ತು ಹಿಡಿದು ಅಳೆಯುವ ಸಾಧನ. ಲೀಸ್ಟ್ ಕೌಂಟ್, ಅಂದರೆ ಅದರಲ್ಲಿ ಓದಬಹುದಾದ ಅತಿ ಸಣ್ಣ ಅಳತೆ, 0.02 ಮಿ.ಮೀ. ದಿನಾ ಸಂಜೆ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದೆ. ಒಂದು ದಿನ ಹತ್ತು ರೂಪಾಯಿ ನಾಣ್ಯ ಅಳೆದೆ. ಅದರ ವ್ಯಾಸ 27 ಮಿ.ಮೀ. ನನಗೆ ಬಂದದ್ದು 26.96. ಮತ್ತೆ ಅಳೆದೆ, ಅಷ್ಟೇ ಬಂತು. ಕಾಕಾ ಜಾ ಮುಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ಸೊನ್ನೆಗೆ ಸೊನ್ನೆ ಕೂಡುತ್ತಿರಲಿಲ್ಲ. ಜಾರುವ ವರ್ನಿಯರ್ ಸ್ಕೇಲಿನ ಸೊನ್ನೆ ಮೇನ್ ಸ್ಕೇಲಿನ ಸೊನ್ನೆಗಿಂತ ಒಂದು ಕೂದಲೆಳೆಯಷ್ಟು ಎಡಕ್ಕಿತ್ತು, ಅದರ 50 ಗೆರೆಗಳಲ್ಲಿ 48ನೇ ಗೆರೆ ಮೇನ್ ಸ್ಕೇಲ್ ಗೆರೆಗೆ ಕೂಡಿತ್ತು. ಜಾ ಸವೆದಿತ್ತು. ಅಂದರೆ 50ಕ್ಕೆ ಎರಡು ಗೆರೆ ಕಡಿಮೆ, 0.04 ಕಡಿಮೆ ತೋರಿಸುತ್ತೆ, ಅಷ್ಟನ್ನು ಕೂಡಿಸಬೇಕು. ಝೀರೋ ಎರರ್ ಅಂತ ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ.

ಬೆಳಗಾವಿಯಲ್ಲಿ ಫೌಂಡ್ರಿಗಳು, ಅಂದರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಗಳು, ಜಾಸ್ತಿ. ಇಲ್ಲಿ ಕ್ವಾಲಿಟಿ ಕೆಲಸ ಕೇಳುವವರಿಗೆ ಕಾಸ್ಟಿಂಗ್ (ಹಾಗೆ ಹೊಯ್ದು ಮಾಡಿದ ತುಂಡು) ಗೊತ್ತಿರಲೇಬೇಕು. ಕಾಕಾ ಮೇಲಿನವರನ್ನು ಕೇಳಿ ರಿಜೆಕ್ಟ್ ಆದ ಎರಡು ತುಂಡು ತಂದುಕೊಟ್ಟರು. ಒಂದರಲ್ಲಿ ದುಂಡಗೆ, ಒಳಗೆ ನುಣ್ಣಗಿರುವ ತೂತು. ಅದು ಬ್ಲೋ ಹೋಲ್. ಅಚ್ಚಿನ ಮರಳಿನಲ್ಲಿ ತೇವ ಜಾಸ್ತಿಯಾಗಿ ಗ್ಯಾಸ್ ಹೊರಗೆ ಹೋಗದಿದ್ದರೆ ಹೀಗಾಗುತ್ತೆ. ಇನ್ನೊಂದರಲ್ಲಿ ದಪ್ಪ ಇದ್ದ ಜಾಗದಲ್ಲೇ ಒರಟೊರಟಾದ ಕುಳಿ. ಅದು ಶ್ರಿಂಕೇಜ್, ಲೋಹ ಆರುವಾಗ ಕುಗ್ಗಿ ಆಗೋದು. ಬೆರಳಿಟ್ಟು ನೋಡಿದ ಮೇಲೆ ಎರಡರ ವ್ಯತ್ಯಾಸ ಮರೆಯಲೇ ಇಲ್ಲ.

ಮುಂದಿನ ಇಂಟರ್‌ವ್ಯೂ ಒಂದು ಫ್ಯಾಕ್ಟರಿಯಲ್ಲಿತ್ತು. ಹಿಂದಿನ ದಿನವೇ ಸಿಬಿಟಿ ಬಸ್ ನಿಲ್ದಾಣದಿಂದ ಬಸ್ ಹತ್ತಿ ಆ ಫ್ಯಾಕ್ಟರಿಯ ಗೇಟ್‌ವರೆಗೂ ಹೋಗಿ ನೋಡಿಕೊಂಡು ಬಂದೆ. ಮಾರ್ಕ್ಸ್ ಕಾರ್ಡ್, ಆಧಾರ್, ಎರಡು ಸೆಟ್ ಝೆರಾಕ್ಸ್ ಒಂದೇ ಫೈಲಿನಲ್ಲಿ.

ಒಳಗೆ ಮೂವರು ಸಾಹೇಬರು. ಒಬ್ಬರು ಕನ್ನಡ, ಒಬ್ಬರು ಹಿಂದಿ, ಇನ್ನೊಬ್ಬರು ಮರಾಠಿ ಬೆರೆಸಿದ ಇಂಗ್ಲಿಷ್. ಒಂದು ಬುಷ್ (ಕೊಳವೆಯಂಥ ಟೊಳ್ಳು ತುಂಡು) ಮತ್ತು ವರ್ನಿಯರ್ ಕೊಟ್ಟು ಅಳತೆ ಕೇಳಿದರು. ನಾನು ಮೊದಲು ಜಾ ಒರೆಸಿ, ಮುಚ್ಚಿ, ಸೊನ್ನೆ ನೋಡಿದೆ. ಕಿಟಕಿ ಪಕ್ಕ ಕೂತಿದ್ದ ಸಾಹೇಬರು ರೆಸ್ಯೂಮೆಯಿಂದ ತಲೆ ಎತ್ತಿ ನನ್ನ ಕೈ ನೋಡತೊಡಗಿದರು. ಆಮೇಲೆ ಡ್ರಾಯಿಂಗ್ ಮುಂದಿಟ್ಟು, "25 ಎಚ್7 ಬೋರ್. ಇದನ್ನ ಈ ವರ್ನಿಯರ್‌ನಲ್ಲಿ ಪಾಸ್ ಮಾಡ್ತೀಯಾ?" ಅಂದರು. ಅಂದರೆ 25 ಮಿ.ಮೀ. ತೂತು; ಅದರ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಮಿತಿಯನ್ನು, ಟಾಲರೆನ್ಸನ್ನು, ಎಚ್7 ಹೇಳುತ್ತೆ. ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ.

"ಇಲ್ಲ ಸರ್. ಟಾಲರೆನ್ಸ್ ಇರೋದೇ 21 ಮೈಕ್ರಾನ್. ವರ್ನಿಯರ್ ಒಂದು ಗೆರೆಗೇ 20 ಮೈಕ್ರಾನ್. ತೂತು ಪರೀಕ್ಷಿಸೋ ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಬೇಕು."

ಮುಂದಿನ ಅರ್ಧ ಗಂಟೆ ಶಾಫ್ಟ್ ಬಗ್ಗೆ, ಕಾಸ್ಟಿಂಗ್ ಬಗ್ಗೆ ಮಾತು. ಕಾಕಾರ ಜೊತೆ ಮಾತಾಡಿದ ಹಾಗೇ ಇತ್ತು. ಕೆಲಸ ಸಿಕ್ಕಿತು.

ಒಂದಕ್ಕೆ ಮಾತ್ರ ತಯಾರಾಗಿರಲಿಲ್ಲ. "ಸಂಬಳ ಎಷ್ಟು ನಿರೀಕ್ಷೆ?" ಅಂದಾಗ "ನೀವು ಕೊಟ್ಟಷ್ಟು ಸರ್" ಅಂದುಬಿಟ್ಟೆ. ಅದೇ ಕೆಲಸಕ್ಕೆ ಪಕ್ಕದ ಶೆಡ್‌ನಲ್ಲಿ ಎಷ್ಟು ಕೊಡುತ್ತಾರೆ ಅಂತ ವಿಚಾರಿಸಿರಲಿಲ್ಲ. ಕಡಿಮೆ ಸಂಬಳಕ್ಕೆ ಸೇರಿದೆ. ಈಗ ನಮ್ಮ ಊರಿನ ಹುಡುಗರು ಫೋನ್ ಮಾಡಿದರೆ ಮೊದಲು ಇದನ್ನೇ ಹೇಳುತ್ತೇನೆ. ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಮುಂದಿನ ಚಹಾ ಅಂಗಡಿಯಲ್ಲಿ ನಿಲ್ಲು, ನಿನ್ನಂತೆ ಡಿಪ್ಲೊಮಾ ಮಾಡಿದವರು ಎಷ್ಟಕ್ಕೆ ಸೇರಿದರು ಅಂತ ಕೇಳಿಕೊಂಡು ಬಾ.