ಗೌರಿ ಹೂವಿನ ವಂಶವೃಕ್ಷ ಕಟ್ಟುವುದು ಹೀಗೆ

ಗೌರಿ ಹೂವಿನ ಬಲಿತ ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತದೆ, ಅಲ್ವಾ? ಅದರ ಕುಟುಂಬ ಬಾಲ್ಸಮಿನೇಸಿ. ಇದರಲ್ಲಿ ಎರಡೇ ಕುಲ. ಗೌರಿ ಹೂವು ಸೇರಿದ ಇಂಪೇಶಿಯನ್ಸ್‌ನಲ್ಲಿ 1000ಕ್ಕೂ ಜಾಸ್ತಿ ಪ್ರಭೇದಗಳು, ಹೈಡ್ರೊಸೆರಾದಲ್ಲಿ ಒಂದೇ ಒಂದು. ಹೂವು ನೋಡಿ ನೆಂಟಸ್ತನ ಹೇಳಲು ಹೋದರೆ ಮೋಸ ಹೋಗುತ್ತೀರಿ. ದೂರದ ಗಿಡಗಳಿಗೂ ಒಂದೇ ಬಗೆಯ ಕೀಟ ಬರುತ್ತಿದ್ದರೆ ಹೂಗಳು ಒಂದೇ ಥರ ಆಗಿಬಿಡಬಹುದು. ಅದಕ್ಕೇ ಡಿಎನ್‌ಎ.

ಎಳೆ ಎಲೆ ಹರಿದು ಕಾಗದದ ಚೀಟಿಚೀಲದಲ್ಲಿ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಹರಳಿನಲ್ಲಿ ಹೂತಿಡಿ. ತೂಕದಲ್ಲಿ ಎಲೆ ಒಂದು ಪಾಲಾದರೆ ಜೆಲ್ ಹತ್ತು ಪಾಲು. ಈ ಎಲೆಯಲ್ಲಿ ನೀರು ಜಾಸ್ತಿ. ಕಿತ್ತಳೆ ಬಣ್ಣದ ಹರಳು ಮರುದಿನಕ್ಕೇ ಹಸಿರಾಗಿದ್ದರೆ ಬದಲಾಯಿಸಿ. ಅದೇ ಗಿಡದ ಒಂದು ರೆಂಬೆ ಹರ್ಬೇರಿಯಂಗೂ (ಒಣಗಿಸಿದ ಗಿಡಗಳ ಸಂಗ್ರಹ) ಹೋಗಬೇಕು, ಎರಡಕ್ಕೂ ಒಂದೇ ನಂಬರ್. ಕಾಡಿಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಮರೆಯಬೇಡಿ.

ಡಿಎನ್‌ಎ ತೆಗೆದ ಮೇಲೆ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಎರಡು ತುಣುಕು ಬೆಳೆಸಿ: ನ್ಯೂಕ್ಲಿಯಸ್‌ನ ಐಟಿಎಸ್ ಎಂಬ ಭಾಗ, ಕ್ಲೋರೋಪ್ಲಾಸ್ಟ್‌ನ ಎಟಿಪಿಬಿ, ಆರ್‌ಬಿಸಿಎಲ್ ಎಂಬ ಎರಡು ಜೀನ್‌ಗಳ ನಡುವಿನ ಭಾಗ. ಅವುಗಳ ಸೀಕ್ವೆನ್ಸ್ (ಎ, ಸಿ, ಜಿ, ಟಿ ಅಕ್ಷರಗಳ ಸಾಲು) ಓದಿಸಿ, ಬಂದ ತಕ್ಷಣ ಅದು ಯಾವ ಜೀವಿಯದ್ದನ್ನು ಹೋಲುತ್ತದೆ ಎಂದು ಹುಡುಕುವ ಬ್ಲಾಸ್ಟ್‌ಗೆ ಹಾಕಿ ನೋಡಿ. ಐಟಿಎಸ್ ಪ್ರೈಮರ್‌ಗಳು (ಪಿಸಿಆರ್ ಶುರುಮಾಡುವ ಪುಟ್ಟ ಡಿಎನ್‌ಎ ತುಂಡುಗಳು) ಎಲೆಯ ಮೇಲಿನ ಬೂಸ್ಟಿನ ಡಿಎನ್‌ಎಯನ್ನೂ ಬೆಳೆಸಿಬಿಡಬಹುದು. ಮಲೆನಾಡಿನ ಮಳೆಗಾಲದಲ್ಲಿ ತಂದ ಎಲೆ ಅಂದರೆ ಕೇಳಲೇಬೇಡಿ!

ಇನ್ನು ಸಾಲುಗೂಡಿಸುವ ಕೆಲಸ, ಅಂದರೆ ಒಂದೇ ಜಾಗದ ಅಕ್ಷರಗಳು ಒಂದರ ಕೆಳಗೊಂದು ಬರುವಂತೆ ಸೀಕ್ವೆನ್ಸ್‌ಗಳನ್ನು ಜೋಡಿಸುವುದು. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಿಂದ ಬೇರೆ ಪ್ರಭೇದಗಳ ಸೀಕ್ವೆನ್ಸ್‌ಗಳನ್ನೂ ಇಳಿಸಿಕೊಂಡು ಎಲ್ಲವನ್ನೂ ಮಾಫ್ಟ್ ತಂತ್ರಾಂಶಕ್ಕೆ ಕೊಡಿ. ಆಮೇಲೆ ಕಣ್ಣಾರೆ ನೋಡಿ. ನಾನು ಮೊದಲ ಸಲ ನೋಡಲಿಲ್ಲ. ಕಟ್ಟಿದ ವಂಶವೃಕ್ಷದಲ್ಲಿ ಒಂದು ಗಿಡ ಮಾರುದ್ದದ ಕೊಂಬೆಯ ತುದಿಯಲ್ಲಿ ಒಂಟಿಯಾಗಿ ಕೂತಿತ್ತು. ಹೊಸ ಕುಲವೇ ಸಿಕ್ಕಿತು ಅಂತ ಎರಡು ದಿನ ನಿದ್ದೆ ಇಲ್ಲ. ಕೊನೆಗೆ ಫೈಲ್ ತೆರೆದರೆ, ಬೇರೆಲ್ಲ ಸಾಲುಗಳಲ್ಲಿ ಬಣ್ಣಗಳು ಮೇಲಿಂದ ಕೆಳಗೆ ಪಟ್ಟೆಪಟ್ಟೆಯಾಗಿ ಕೂಡಿದ್ದವು, ಆ ಒಂದು ಸಾಲು ಮಾತ್ರ ಚೆಲ್ಲಾಪಿಲ್ಲಿ. ರಿವರ್ಸ್ ಪ್ರೈಮರ್‌ನಿಂದ, ಅಂದರೆ ಇನ್ನೊಂದು ತುದಿಯಿಂದ, ಓದಿದ ಸೀಕ್ವೆನ್ಸನ್ನು ತಿರುಗಿಸದೆ ಹಾಗೇ ಹಾಕಿದ್ದೆ. ಎಎಸಿಜಿ ಅಂತ ಬಂದದ್ದನ್ನು ಹಿಂದುಮುಂದು ಮಾಡಿ, ಜೋಡಿ ಅಕ್ಷರ (ಎಗೆ ಟಿ, ಸಿಗೆ ಜಿ) ಬರೆದು ಸಿಜಿಟಿಟಿ ಮಾಡಬೇಕಿತ್ತು. ದಿಕ್ಕು ಸರಿಮಾಡುವ ಆಯ್ಕೆ ಮಾಫ್ಟ್‌ನಲ್ಲೇ ಇದೆ. ಸುಮ್ನೆ ಅದನ್ನು ಒತ್ತಿದ್ದರೆ ಸಾಕಿತ್ತು.

ಮರ ಕಟ್ಟಲು ಐಕ್ಯೂ-ಟ್ರೀ ತಂತ್ರಾಂಶ ಸಾಕು. ಡಿಎನ್‌ಎ ಬದಲಾಗುವ ಲೆಕ್ಕದ ಮಾದರಿಯನ್ನು ಅದೇ ಆರಿಸುತ್ತದೆ. ಬೇರಿಗೆ ಹೈಡ್ರೊಸೆರಾವನ್ನು ಹೊರಗುಂಪಾಗಿ (ಇಂಪೇಶಿಯನ್ಸ್ ಆಚೆಗಿನ ನೆಂಟನಾಗಿ) ಕೊಡಿ. ಕೊಳ, ಜೌಗಿನ ಗಿಡ ಅದು, ಕಾಯಿ ಸಿಡಿಯುವುದಿಲ್ಲ. ಕವಲುಗಳು ಎಷ್ಟು ಗಟ್ಟಿ ಎಂದು ಅಳೆಯಲು ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ ಎಂಬ ಪರೀಕ್ಷೆಯನ್ನು 1000 ಸಲ ಓಡಿಸಿ. ಕವಲಿನ ಮೇಲೆ 95 ಅಥವಾ ಜಾಸ್ತಿ ಇದ್ದರೆ ನಂಬಬಹುದು. 60 ಇದ್ದರೆ ಆ ಕವಲಿನ ಬಗ್ಗೆ ಕಥೆ ಕಟ್ಟಬೇಡಿ.

ಎರಡು ತುಣುಕಿಗೂ ಬೇರೆಬೇರೆ ಮರ ಕಟ್ಟಿ. ಐಟಿಎಸ್ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯಿಂದ ಮಾತ್ರ. ಎರಡೂ ಮರ ಜಗಳವಾಡಿದರೆ ಹಿಂದೆಂದೋ ಎರಡು ಪ್ರಭೇದಗಳ ಬೆರಕೆ ಆಗಿರಬಹುದು. ಹಾಗಂತ ಬರೆಯುವ ಮೊದಲು ಡಬ್ಬಿ ತೆಗೆದು ಆ ಚೀಟಿಚೀಲದ ನಂಬರ್ ಇನ್ನೊಮ್ಮೆ ಓದಿ.